ಚಾಲು, ಚಾಲೂ ಮತ್ತು ನಮ್ಮ ಯಜಮಾನರು

ನಮ್ಮ ಯಜಮಾನರಿಗೆ ಹುಚ್ಚು ಹಿಡಿದಿದೆ ಎಂದು ನಾನು ಯಾರ ಮುಂದೆಯೂ ಹೇಳುವುದಿಲ್ಲ. ಹಿಡಿಯಬೇಕಾದರೆ ಅದು ನಡುವೆ ಒಮ್ಮೆಯಾದರೂ ಬಿಟ್ಟಿರಬೇಕಲ್ಲ! ಅವರ ಹೆಸರು ಕೇಳಬೇಡಿ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಒಮ್ಮೆ ಹೇಳಿದ್ದೇನೆ, ಅದೇ ಹೆಚ್ಚಾಯಿತು. ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಗಳಲ್ಲಿ ಮಷಿನ್ ರಿಪೇರಿ ಮಾಡುವುದು ಅವರ ಉದ್ಯೋಗ. ಊರಿನ ಎಷ್ಟೋ ಮಷಿನ್‌ಗಳು ಅವರ ಕೈಗುಣದಿಂದ ಓಡುತ್ತಿವೆಯಂತೆ. ಅವರ ತಲೆಯೊಂದು ಮಾತ್ರ ರಿಪೇರಿಯಾಗದೆ ಉಳಿದಿದೆ.

ಹೋದ ವರ್ಷ ನಾನು ಬಚ್ಚಲಲ್ಲಿ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡೆ. ಆಪರೇಷನ್ ಮಾಡಿ ಒಳಗೆ ಕಂಬಿ ಹಾಕಿದರು. "ಕಾಲು ಕೂಡಿದೆ, ಇನ್ನು ನಡೆಯಬೇಕು. ನಡೆಯದಿದ್ದರೆ ಹಾಗೇ ಬಿಗಿದುಕೊಳ್ಳುತ್ತದೆ" ಎಂದರು ಡಾಕ್ಟರು. ಹೇಳುವುದಕ್ಕೇನು! ಗೇಟಿನ ಹೊರಗೆ ಒಂದು ಹೆಜ್ಜೆ ಇಟ್ಟರೆ ಕಾಲಿನೊಳಗಿನ ಕಂಬಿ ಕಳಚಿ ರಸ್ತೆಯಲ್ಲಿ ಬೀಳುತ್ತದೆ ಎಂದೇ ನನಗೆ ಅನಿಸುತ್ತಿತ್ತು. ಕಟ್ಟೆಯಿಂದ ಗೇಟು, ಗೇಟಿನಿಂದ ಕಟ್ಟೆ, ಅಷ್ಟೇ ನನ್ನ ಲೋಕವಾಯಿತು. ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು? ಪಕ್ಕದಲ್ಲಿ ಕೂತು ನಾಲ್ಕು ಧೈರ್ಯದ ಮಾತಾಡಬೇಕು. ಇವರು ಮೊಬೈಲ್ ಹಿಡಿದು ಕೂತರು. ಅದರಲ್ಲಿ ಪರದೇಶದ ಗಂಡ ಹೆಂಡತಿ ಗಾಡಿಯನ್ನೇ ಮನೆ ಮಾಡಿಕೊಂಡು ಊರೂರು ತಿರುಗುತ್ತಾರೆ, ಮರಳುಗಾಡಿನ ಕಣಿವೆಗೆ ಇಳಿದು ದಿನವಿಡೀ ನಡೆಯುತ್ತಾರೆ.

"ನಾವೂ ಹೋಗೂಣು," ಎಂದರು ಒಂದು ದಿನ.

"ಮರಳುಗಾಡು ಎಲ್ಲಿಂದ ತರ್ತೀರಿ?"

"ನಮ್ಮ ಬಿಸಿಲು ಐತೆಲ್ಲ, ಮತ್ತೇನ್ ಬೇಕು? ಕಣಿವಿ ಕುರುಗೋಡು ಗುಡ್ಡದಾಗ ಐತಿ. ಗಾಡಿ ಒಂದು ಬೇಕು, ಅಷ್ಟ."

ಗಾಡಿಯೂ ಬಂತು. ಹಳೆಯ ಆಂಬುಲೆನ್ಸ್! ಮೇಲೆ ಹಳದಿ ಬಣ್ಣ ಬಳಿದಿದ್ದರು, ಆದರೆ ಅದರಡಿಯ ಕೆಂಪು ಅಕ್ಷರಗಳು ನಾಚಿಕೆಯಿಲ್ಲದೆ ಇಣುಕುತ್ತಿದ್ದವು. ಸ್ಟ್ರೆಚರ್ ಇದ್ದ ಜಾಗದಲ್ಲಿ ಹಾಸಿಗೆ. ಹಾಸಿಗೆಗೆ ಜೀನ್ಸ್ ಹೊದಿಕೆ, ಕಿಟಕಿಗೆ ಜೀನ್ಸ್ ಪರದೆ, ಕೊನೆಗೆ ಕೈ ಒರೆಸುವ ಬಟ್ಟೆಯೂ ಜೀನ್ಸ್! ಬಳ್ಳಾರಿಯ ಬಿಸಿಲಿನಲ್ಲಿ ಆ ಪರದೆ ಎಳೆದುಕೊಂಡು ಕೂತರೆ ರೊಟ್ಟಿಗೆ ಬೇರೆ ಒಲೆ ಬೇಕಿಲ್ಲ. ಗಾಡಿ ಮನೆ ಮುಂದೆ ನಿಂತ ಕೂಡಲೇ ಓಣಿಯವರೆಲ್ಲ "ಯಾರಿಗೇನಾತ್ರಿ?" ಎಂದು ಓಡಿ ಬಂದರು. ಯಾರಿಗೆ ಏನಾಗಿದೆ ಎಂದು ಹೇಳಲು ನನಗೂ ಬಾಯಿ ತುರಿಸುತ್ತಿತ್ತು.

ಮೊದಲು ಸಿರುಗುಪ್ಪದಲ್ಲಿರುವ ನನ್ನ ತಂಗಿಗೆ ಗಾಡಿ ತೋರಿಸಬೇಕು, ಮರುದಿನ ಕುರುಗೋಡು ಎಂದು ತೀರ್ಮಾನವಾಯಿತು. ತೀರ್ಮಾನಿಸಿದವರು ಯಾರೆಂದು ಕೇಳಬೇಡಿ. ಸಿರುಗುಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಇವರು ಬಾಳೆಹಣ್ಣು ತರಲು ಇಳಿದರು. ಹಿಂದಿನ ಬಾಗಿಲು ತೆರೆದಿತ್ತು, ನಾನು ಕಾಲು ಚಾಚಿ ಮಲಗಿದ್ದೆ. ಒಬ್ಬ ಅಜ್ಜಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಅಷ್ಟರಲ್ಲಿ ಇವರೂ ಬಂದರು.

"ಎಷ್ಟ್ ದಿನ ಅಂತ ಹೇಳ್ಯಾರಪ್ಪ?" ಎಂದಳು ಅಜ್ಜಿ, ಸೆರಗು ಬಾಯಿಗೆ ಹಿಡಿದು.

ನಮ್ಮ ಯಜಮಾನರು ಪ್ರವಾಸ ಎಷ್ಟು ದಿನ ಎಂದು ತಿಳಿದುಕೊಂಡರು. "ಎರಡ ದಿನ ಅಮ್ಮಾ! ಅಷ್ಟರಾಗ ಆಕಿಗೆ ಎಲ್ಲಾ ತೋರಿಸಿಬಿಡ್ತೀನಿ," ಎಂದರು ನಗುನಗುತ್ತ.

ಅಜ್ಜಿ ಗೊಳೋ ಎಂದು ಅತ್ತಳು. ನಾನು ಎದ್ದು ಕೂತು ಸಮಾಧಾನ ಹೇಳಿದ್ದಕ್ಕೆ ಇನ್ನೂ ಹೆಚ್ಚು ಅತ್ತಳು. ತನ್ನ ಬುಟ್ಟಿಯಿಂದ ಎರಡು ಪೇರಲಹಣ್ಣು ತೆಗೆದು ನನ್ನ ಮಡಿಲಿಗೆ ಹಾಕಿ ಹೋದಳು. ಇವರು ಎರಡನ್ನೂ ತಿಂದರು.

ತಂಗಿಯ ಮನೆಯ ಗಲ್ಲಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಅವಳನ್ನು ಮಾತಾಡಿಸಿಕೊಂಡು, ಊರ ಹೊರಗೆ ಕರೂರಿನ ದಾರಿಯಲ್ಲಿ ಕಾಲುವೆ ಪಕ್ಕದ ಮರದ ಕೆಳಗೆ ಬಿಡಾರ ಮಾಡಲು ಹೋದೆವು. ಇವರು ಗಾಡಿಯನ್ನು ಹಿಂದಕ್ಕೆ ತೆಗೆಯತೊಡಗಿದರು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಒಬ್ಬ ಕೈಯೆತ್ತಿ ಕೂಗಿದ: "ಚಾಲು! ಚಾಲು ಸಾರ್! ಚಾಲು!"

ಇಲ್ಲಿ ಒಂದು ಮಾತು ಹೇಳಬೇಕು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ನಮ್ಮ ಕಡೆಯ ಕನ್ನಡದಲ್ಲಿ ಚಾಲೂ ಎಂದರೆ ಶುರು, ನಡೆಯಲಿ, ಬಿಡಬೇಡ. ನನ್ನ ತವರು ಆದೋನಿ ಕಡೆ, ಮನೆಮಾತು ತೆಲುಗು. ಇವರು ನನ್ನ ಜೊತೆ ಇಷ್ಟು ವರ್ಷ ಬಾಳಿದ್ದಾರೆ, ಬಳ್ಳಾರಿಯಲ್ಲೇ ಹುಟ್ಟಿದ್ದಾರೆ. ಆದರೂ ಆ ಮನುಷ್ಯ ಚಾಲು ಚಾಲು ಎಂದಷ್ಟೂ ಇವರು ಹುಮ್ಮಸ್ಸಿನಿಂದ ಹಿಂದೆ ಹಿಂದೆ ಹೋದರು. ಆಂಬುಲೆನ್ಸ್ ಗದ್ದೆಗೆ ಇಳಿದು ಎಮ್ಮೆಯ ಹಾಗೆ ಕೆಸರಿನಲ್ಲಿ ಕೂತಿತು.

"ಅಂವನ ಚಾಲೂ ಅಂದ!" ಎಂದು ಆ ಬಡಪಾಯಿಯ ಮೇಲೆಯೇ ಹರಿಹಾಯ್ದರು. ಟ್ರ್ಯಾಕ್ಟರ್ ಬಂದು ಎಳೆಯುವ ತನಕ ನಾನು ಗದ್ದೆಯವರೆಲ್ಲರ ಎದುರಿಗೆ ಇವರಿಗೆ ಆ ಒಂದು ಪದದ ಪಾಠ ಮಾಡಿದೆ. ನಾಟಿಯವರು ಕೆಲಸ ಬಿಟ್ಟು ನಿಂತು ಕೇಳಿದರು.

ಮರುದಿನ ಬೆಳಿಗ್ಗೆ ಕುರುಗೋಡು. ಗುಡ್ಡದ ಬುಡದಲ್ಲಿ ಗಾಡಿ ನಿಂತಿತು. ಬಂಡೆ, ಜಾಲಿ, ಪಾಪಾಸುಕಳ್ಳಿ, ನಡುವೆ ನೀರಿಲ್ಲದ ಹಳ್ಳ. ಅದೇ ಇವರ ಕಣಿವೆ! ಇವರ ವೇಷವನ್ನು ನೀವು ನೋಡಬೇಕಿತ್ತು. ಕಿವಿ, ಕುತ್ತಿಗೆ ಮುಚ್ಚುವ ಜೀನ್ಸ್ ಟೊಪ್ಪಿಗೆ. ಕೈಯಲ್ಲಿ ಪರದೆಯ ಕಂಬಿಯ ಊರುಗೋಲು. ಬೆನ್ನ ಮೇಲಿನ ಚೀಲದಲ್ಲಿ ನೀರು, ಅದರಿಂದ ಬಾಯಿಗೆ ಒಂದು ಸಲೈನ್ ನಳಿಕೆ! ಪರದೇಶದವರು ಹೀಗೇ ಹೀರುತ್ತ ನಡೆಯುತ್ತಾರಂತೆ. ಮೇಕೆ ಕಾಯುತ್ತಿದ್ದ ಹೆಣ್ಣುಮಗಳು ನಮ್ಮ ಗಾಡಿ ನೋಡಿದಳು, ನಳಿಕೆ ನೋಡಿದಳು. "ಪೇಷಂಟನ್ನ ಯಾಕ್ರಿ ಬಿಸಿಲಾಗ ಅಡ್ಡಾಡಿಸ್ತೀರಿ?" ಎಂದು ನನ್ನನ್ನು ಕೇಳಿದಳು. ಮೊದಲ ಬಾರಿಗೆ ಒಬ್ಬರಾದರೂ ರೋಗ ಸರಿಯಾಗಿ ಗುರುತಿಸಿದರಲ್ಲ ಎಂದು ನನಗೆ ಸಂತೋಷವಾಯಿತು.

ಹಳ್ಳದ ಮರಳಿನಲ್ಲಿ ಹೇಗೋ ಒಂದಷ್ಟು ನಡೆದೆ. ಆಮೇಲೆ ಬಂಡೆಗಳು ಶುರುವಾದವು. ಎದುರಿಗೆ ಮೊಣಕಾಲೆತ್ತರದ ಕಲ್ಲು, ಅದರ ಮೇಲೆ ಇನ್ನೊಂದು. ಕಲ್ಲು ಹಿಡಿದು ನಿಂತುಬಿಟ್ಟೆ. ಸುಸ್ತಾದರೆ, ಹೆದರಿದರೆ ನನಗೆ ಬರುವುದು ತೆಲುಗೇ. "ಚಾಲು!" ಎಂದೆ.

"ಚಾಲೂ! ಹಂಗ ಬಾ!" ಎಂದರು ಮೇಲಿನಿಂದ, ಕೈ ಚಾಚಿ.

"ಚಾಲು ರೀ!"

"ಅದನ್ನ ನಾನೂ ಹೇಳಾಕತ್ತೀನಿ, ಚಾಲೂ!"

ನಿನ್ನೆಯಷ್ಟೇ ಅಷ್ಟು ಜನರ ಎದುರಿಗೆ ಪಾಠ ಹೇಳಿಸಿಕೊಂಡವರು! ನನಗೆ ಬಂದ ಸಿಟ್ಟಿಗೆ ಮೊಣಕಾಲೇ ಮರೆತುಹೋಯಿತು. ಈ ಮನುಷ್ಯನ ಟೊಪ್ಪಿಗೆ ಕಿತ್ತು ಕಳ್ಳಿಗೆ ಎಸೆಯಬೇಕೆಂಬ ಒಂದೇ ಆಸೆಯಿಂದ ಕಲ್ಲು ಹತ್ತಿದೆ. ಕೈಗೆ ಸಿಗಲಿಲ್ಲ, ಇನ್ನೊಂದು ಕಲ್ಲು ಮೇಲೆ ಹೋಗಿದ್ದರು. ಅದನ್ನೂ ಹತ್ತಿದೆ. ಕೊನೆಗೆ ಹಳ್ಳದ ತಲೆಯಲ್ಲಿ ಇವರನ್ನು ಹಿಡಿದು ಬೆನ್ನಿಗೆ ಒಂದು ಗುದ್ದು ಕೊಟ್ಟೆ. ನಳಿಕೆಯಿಂದ ನೀರು ಚಿಮ್ಮಿತು. ಕೆಳಗೆ ನೋಡಿದರೆ ನಮ್ಮ ಆಂಬುಲೆನ್ಸ್ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

ಇಳಿಯುವಾಗ ಇವರು ಪ್ರತಿ ಕಲ್ಲಿನ ಮೇಲೂ ಮೊದಲು ತಾವು ಕೂತು ಜಾರಿ, ನನಗೆ ಹೆಗಲು ಕೊಟ್ಟರು. ಗಾಡಿ ಮುಟ್ಟುವಷ್ಟರಲ್ಲಿ ಇವರ ಜೀನ್ಸ್ ಪ್ಯಾಂಟು ಹಿಂದೆ ಹರಿದು ಕಿಟಕಿಯಾಗಿತ್ತು. ಜೀನ್ಸ್ ಊರಿನವರ ಜೀನ್ಸ್!

ಮೊಸರನ್ನ ಬಡಿಸಿದೆ. ಇನ್ನೊಂದು ಸೌಟು ಹಾಕಲು ಹೋದಾಗ, ಒರಗಿ ಕಣ್ಣು ಮುಚ್ಚಿದ್ದವರು ತಟ್ಟೆಗೆ ಕೈ ಅಡ್ಡ ಹಿಡಿದು, "ಚಾಲು" ಎಂದರು.

ನನ್ನ ಸೌಟು ಅಲ್ಲೇ ನಿಂತಿತು. "ಏನಂದ್ರಿ?"

ಇವರು ಕಣ್ಣು ಬಿಟ್ಟರು. ಮುಖ ಪೆಚ್ಚಾಯಿತು.

"ಹಂಗಾದ್ರ ನಿಮಗ ಗೊತ್ತಿತ್ತು?"

"ಗದ್ದಿಯಾಗ ಖರೇನ ತಿಳೀಲಿಲ್ಲ," ಎಂದರು. "ಗುಡ್ಡದಾಗ ತಿಳೀತು."

"ತಿಳಿದೂ ನನ್ನ ಹತ್ತಿಸಿದ್ರಿ?"

ತಟ್ಟೆಯ ಅನ್ನ ಕಲಸುತ್ತ ಹೇಳಿದರು: "ದಿನಾ ಗೇಟಿನ ತನಕ ಬಂದು ನೀ ಸಾಕು ಅಂತಿದ್ದಿ. ನಾನೂ ಹೂಂ ಸಾಕು ಅಂತ ಕೈ ಹಿಡಿದು ಒಳಗ ಕರ್ಕೊಂಡು ಹೋಗ್ತಿದ್ದೆ. ಹಂಗ ಕರ್ಕೊಂಡು ಹೋದಾಗೆಲ್ಲ ನನಗ ಅಂಜಿಕಿ ಆಗ್ತಿತ್ತು, ನೀ ಇನ್ನ ನಡಿಯೂದ ಇಲ್ಲೇನೋ ಅಂತ. ಅದಕ್ಕ ಇವತ್ತು ತಿಳೀದವರಂಗ ಮಾಡಿದೆ."

ಬೈಯಲು ಬಾಯಿ ತೆರೆದೆ. ಆ ಹರಿದ ಪ್ಯಾಂಟು, ಆ ದರಿದ್ರ ಟೊಪ್ಪಿಗೆ, ಅನ್ನ ಮೆತ್ತಿದ ಮೀಸೆ, ಎಲ್ಲವನ್ನೂ ನೋಡುತ್ತ ಕೂತೆ. ತೆರೆದ ಬಾಗಿಲಿನಾಚೆ ಗುಡ್ಡವಿತ್ತು. ಕಾಲು ನೋಯುತ್ತಿತ್ತು, ಆದರೆ ಯಾವ ಕಂಬಿಯೂ ಕಳಚಿ ಬಿದ್ದಿರಲಿಲ್ಲ.

"ಗುಡ್ಡದ ಆ ಕಡಿ ಏನೈತ್ರಿ?" ಎಂದೆ.

"ಇನ್ನೊಂದು ಕಣಿವಿ," ಎಂದರು ಅಂಜುತ್ತಲೇ.

ಅಡ್ಡ ಹಿಡಿದ ಕೈ ಸರಿಸಿ, ಸೌಟಿನಲ್ಲಿದ್ದ ಅನ್ನವನ್ನು ತಟ್ಟೆಗೆ ಹಾಕಿದೆ.

"ಉಣ್ರಿ. ಉಂಡು ಗಾಡಿ ಚಾಲೂ ಮಾಡ್ರಿ," ಎಂದೆ, ಈ ಸಲ ಕನ್ನಡದಲ್ಲಿ.