ಎಡಗಡೆಯ ಹಿಂದಿನ ಲೈಟು ಮತ್ತು ನನ್ನ ಗುಮಾನಿ

ಸಿರುಗುಪ್ಪದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ವಿದ್ಯುತ್ ಪಾಠ ಮಾಡುತ್ತಿದ್ದೇನೆ. ಕಪ್ಪು ಹಲಗೆಯ ಮೇಲೆ ನಾನು ಬರೆದ ಸರ್ಕ್ಯೂಟಿನಲ್ಲಿ ಇವತ್ತಿನವರೆಗೆ ಒಂದೇ ಒಂದು ಬಲ್ಬೂ ಉರಿಯದೆ ಉಳಿದಿಲ್ಲ. ಆದ್ದರಿಂದ ನನ್ನ ಹಳೆಯ ಕಾರಿನ ಎಡಗಡೆಯ ಹಿಂದಿನ ಲೈಟು ಕೆಟ್ಟಿದೆ ಎಂದು ತಿಳಿದಾಗ ನಾನು ಕಿಂಚಿತ್ತೂ ವಿಚಲಿತನಾಗಲಿಲ್ಲ. ವಿಚಲಿತಳಾದವಳು ಗಿರಿಜಾ, ನನ್ನ ಹೆಂಡತಿ.

ಅದಕ್ಕೆ ಕಾರಣವಿತ್ತು. ಅಂದು ಹಚ್ಚೊಳ್ಳಿಯಲ್ಲಿ ಅವಳ ತಮ್ಮ ಮಲ್ಲಿಕಾರ್ಜುನನ ಮಗಳನ್ನು ತೊಟ್ಟಿಲಿಗೆ ಹಾಕುವವರಿದ್ದರು. ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಕೂಸು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಇರುವವಳು ಒಬ್ಬಳೇ ಸೋದರತ್ತೆ. ಹನ್ನೆರಡೂವರೆಯ ಮುಹೂರ್ತಕ್ಕೆ ಗಿರಿಜಾ ಅಲ್ಲಿ ಇರಲೇಬೇಕು.

ಬೆಳಿಗ್ಗೆ ಎಂಟಕ್ಕೆ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ಎದುರುಮನೆಯ ಕಟ್ಟೆಯಿಂದ ಹುಸೇನಸಾಬರು ಕೂಗಿದರು. ಅವರು ಮೂವತ್ತು ವರ್ಷ ಲಾರಿ ಓಡಿಸಿ ಈಗ ಕಟ್ಟೆಯ ಮೇಲೆ ಕೂತಿರುವವರು.

"ಸರ, ಬ್ರೇಕ್ ಒತ್ತಿದ್ರ ಇಂಡಿಕೇಟರ್ ಹತ್ತಾಕತ್ತೈತ್ರಿ! ಅರ್ತ್ ಹೋಗಿರಬೇಕ್ರಿ. ಕರಿ ವೈರ್ ನೋಡ್ರಿ."

ನನಗೆ ತಕ್ಷಣ ಅನುಮಾನ ಬಂತು. ಇಪ್ಪತ್ತು ಅಡಿ ದೂರದಲ್ಲಿ ಕೂತವರಿಗೆ ಕೆಟ್ಟಿರುವುದು ಕರಿ ವೈರೇ ಎಂದು ಹೇಗೆ ಗೊತ್ತು? ಕೆಡಿಸಿದವನಿಗಲ್ಲದೆ ಇನ್ನಾರಿಗೆ ಗೊತ್ತಿರಲು ಸಾಧ್ಯ? ಆದರೆ ಮರುಕ್ಷಣ ನನ್ನ ಗುಮಾನಿ ಇನ್ನೂ ದೊಡ್ಡ ಆರೋಪಿಯ ಕಡೆ ತಿರುಗಿತು. ಹದಿನೈದು ದಿನದ ಹಿಂದೆ ಮಲ್ಲಿಕಾರ್ಜುನ ಗೆಳೆಯನ ಮದುವೆಗೆಂದು ಕುರುಗೋಡಿಗೆ ಇದೇ ಕಾರು ಒಯ್ದಿದ್ದ. ಅದಕ್ಕೆ ಎರಡು ದಿನ ಮೊದಲು ನಾನು ಬಳ್ಳಾರಿಯಿಂದ ಹೊಸ ಬಲ್ಬು ತಂದು ಹಾಕಿಸಿದ್ದೆ. ಹೊಸ ಬಲ್ಬು, ಕುರುಗೋಡು, ಬಾಮೈದ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

"ನಿನ್ನ ತಮ್ಮ ಬಲ್ಬ್ ಅದಲು ಬದಲು ಮಾಡ್ಯಾನ," ಎಂದೆ.

ಗಿರಿಜಾಳ ಮುಖ ಕೆಂಪಾಯಿತು. "ಅವನಿಗೆ ನಿಮ್ಮ ಬಲ್ಬ್ ಯಾಕ ಬೇಕ್ರಿ? ಹಗಲೊತ್ತಿನ್ಯಾಗ ಲೈಟ್ ಹೆಂಗ ಹತ್ತಿದ್ರ ಏನು, ನಡೀರಿ ಸುಮ್ನ!"

"ನಮ್ಮ ಹಿಂದ ಭತ್ತದ ಟ್ರ್ಯಾಕ್ಟರ್ ಬರ್ತಾವು. ನಾ ನಿಂತ್ರ ಅವ್ರು ಎಡಕ್ಕ ಹೊಂಟಾನ ಅಂತ ತಿಳ್ಕೊಂಡು ಬಂದು ಹಾಯ್ತಾರ. ಹತ್ತು ನಿಮಿಷ ಕೊಡು!"

"ಹಂಗಾದ್ರ ಒಂಬತ್ತರ ಬಸ್ಸಿಗೆ ನಾ ಹೋಗ್ತೀನಿ."

"ಮನಿಮುಂದ ಕಾರ್ ಇಟ್ಕೊಂಡು ಬಸ್ಸಿಗೆ ಹೋದ್ರ ನಿಮ್ಮ ತವರುಮನಿಯವರು ಏನಂದಾರು?"

ಪಾಪ, ಅವಳು ನನ್ನನ್ನು ನಂಬಿದಳು. ನನ್ನ ವೈವಾಹಿಕ ಜೀವನದಲ್ಲಿ ಆಗಾಗ ನಡೆಯುವ ಅಪಘಾತವಿದು.

ಹೊಸ ಬಿಳಿ ಪಂಚೆ ಉಟ್ಟಿದ್ದರಿಂದ ನಾನು ಬಗ್ಗುವಂತಿರಲಿಲ್ಲ. ನಿಂತುಕೊಂಡೇ ತನಿಖೆ ಆರಂಭಿಸಿದೆ. ಬಲ್ಬು ಬಿಚ್ಚಿದೆ. ಅದು ಹೊಸದೇ ಆಗಿತ್ತು. ಅಂದರೆ ಕಳ್ಳ ಹುಷಾರಿಯಾಗಿದ್ದಾನೆ! ಬಲಗಡೆಯ ಬಲ್ಬು ತೆಗೆದು ಎಡಕ್ಕೂ, ಎಡದ್ದನ್ನು ಬಲಕ್ಕೂ ಹಾಕಿದೆ. ಈಗ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟು ಕಣ್ಣು ಹೊಡೆಯತೊಡಗಿತು. ಒಂಬತ್ತರ ಬಸ್ಸು ನಮ್ಮ ಓಣಿಯ ತುದಿಯಲ್ಲಿ ಹಾರ್ನ್ ಹೊಡೆದು ಹೋಯಿತು. ಗಿರಿಜಾ ರೇಷ್ಮೆ ಸೀರೆಯಲ್ಲಿ ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಭಯ ಹುಟ್ಟಿಸಿತು.

ಭಯದಲ್ಲಿ ಸ್ಕ್ರೂ ಡ್ರೈವರಿನ ಒಂದು ಬದಿ ಕರೆಂಟಿಗೂ ಇನ್ನೊಂದು ಬದಿ ಕಾರಿನ ಮೈಗೂ ತಾಗಿತು. ಫಟ್! ಫ್ಯೂಸು ಹೋಯಿತು. ಬ್ರೇಕ್ ಲೈಟಿನ ಜೊತೆ ಹಾರ್ನೂ ಹೋಯಿತು. ನಮ್ಮ ಕಡೆಯ ರಸ್ತೆಯಲ್ಲಿ ಬ್ರೇಕ್ ಇಲ್ಲದೆ ಹೋದವರನ್ನು ನೋಡಿದ್ದೇನೆ, ಹಾರ್ನ್ ಇಲ್ಲದೆ ಹೋದವರನ್ನು ನೋಡಿಲ್ಲ.

"ಸರ, ಅರ್ತ್..." ಎಂದರು ಹುಸೇನಸಾಬರು.

"ನೀವು ಸುಮ್ನ ಚಾ ಕುಡೀರಿ!" ಎಂದು ಗದರಿಸಿದೆ.

ಹತ್ತು ಗಂಟೆಗೆ ಗಿರಿಜಾಳ ಕಣ್ಣಲ್ಲಿ ನೀರು ಬಂತು. ಅವಳು ಫೋನ್ ತೆಗೆದು, "ಮಲ್ಲು, ನೀನ ಬಂದು ಕರ್ಕೊಂಡ್ ಹೋಗಪ್ಪ," ಎಂದಳು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ತನ್ನ ಕೂಸಿನ ತೊಟ್ಟಿಲ ಕೆಲಸ ಬಿಟ್ಟು ಅವನು ಹಚ್ಚೊಳ್ಳಿಯಿಂದ ಬೈಕಿನಲ್ಲಿ ಬರಬೇಕಾಯಿತಲ್ಲ! ಆದರೂ ಅವನು ಬಂದಿಳಿದ ಕೂಡಲೇ ನನ್ನ ಬಾಯಿ ಸುಮ್ಮನಿರಲಿಲ್ಲ.

"ಖರೇ ಹೇಳು ಮಲ್ಲು. ಕುರುಗೋಡಿನ್ಯಾಗ ಈ ಲೈಟಿಗೆ ಏನ್ ಮಾಡಿದಿ?"

ಅವನು ಬಂಪರಿನ ಕೆಳಗೆ ಬಗ್ಗಿ ನೋಡಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಅವನ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾನೆಂದುಕೊಂಡೆ. ನಗುತ್ತಿದ್ದ!

"ಮಾವಾರ, ಅಮಾವಾಸಿಗೆ ಈ ನಿಂಬಿಹಣ್ಣು, ಮೆಣಸಿನಕಾಯಿ ಯಾರು ಕಟ್ಟ್ಯಾರ್ರಿ?"

ನಾನೇ! ನಾನು ವೈಜ್ಞಾನಿಕ ಮನೋಭಾವದವನು ನಿಜ, ಆದರೆ ಸೆಕೆಂಡ್ ಹ್ಯಾಂಡ್ ಕಾರಿಗೆ ದೃಷ್ಟಿ ತೆಗೆಯದೆ ಬಿಡುವಷ್ಟು ಅಲ್ಲ. ಮೊನ್ನೆ ಅಮಾವಾಸ್ಯೆಯಂದು ಕತ್ತಲಾದ ಮೇಲೆ ಹಳೆಯ ಕರಿ ದಾರವನ್ನು ಬ್ಲೇಡಿನಿಂದ ಕೊಯ್ದು ಹೊಸದು ಕಟ್ಟಿದ್ದೆ. ದಾರ ಎರಡೆಳೆ ಇದ್ದಂತೆ ಕಂಡಿತ್ತು. ಎರಡನ್ನೂ ಕೊಯ್ದಿದ್ದೆ. ಅದರಲ್ಲೊಂದು ಲೈಟಿನ ಕರೆಂಟು ಕಾರಿನ ಮೈಗೆ ವಾಪಸು ಹೋಗಲು ಬಂಪರಿಗೆ ಬಂದ ಅರ್ತಿನ ಕರಿ ವೈರು. ನೇತಾಡುತ್ತಿದ್ದ ಅದರ ತುದಿಗೇ ನಿಂಬೆಹಣ್ಣನ್ನು ಗಟ್ಟಿಯಾಗಿ ಗಂಟು ಹಾಕಿದ್ದೆ. ಇಷ್ಟು ದಿನ ನನ್ನ ಕಾರಿನ ಕರೆಂಟು ನಿಂಬೆಹಣ್ಣಿನಲ್ಲಿ ದಾರಿ ಹುಡುಕುತ್ತಿತ್ತು!

ಹುಸೇನಸಾಬರು ನಾನು ಹೇಳಿದಂತೆ ಚಾ ಕುಡಿದರು.

ಮಲ್ಲಿಕಾರ್ಜುನ ವೈರು ಸೇರಿಸಿದ, ಫ್ಯೂಸಿನ ಪೆಟ್ಟಿಗೆಯಲ್ಲೇ ಇದ್ದ ಇನ್ನೊಂದನ್ನು ಹಾಕಿದ. ಐದು ನಿಮಿಷವೂ ಹಿಡಿಯಲಿಲ್ಲ. ಅಕ್ಕನನ್ನು ಮುಂದೆ ಕೂರಿಸಿಕೊಂಡು ಕಾರು ಓಡಿಸಿದ. ಅವನ ಬೈಕು ತರುವ ಜವಾಬ್ದಾರಿ ನನ್ನದಾಯಿತು. ದಾರಿಯುದ್ದಕ್ಕೂ ಎರಡು ಕೆಂಪು ಲೈಟು ನನ್ನ ಮುಖದ ಮೇಲೆ ಹೊತ್ತಿ ಆರುತ್ತಿದ್ದವು. ಉಬ್ಬು ಬಂದಲ್ಲಿ ಬ್ರೇಕ್ ಒತ್ತಿದ, ಸರಿ. ಉಬ್ಬೇ ಇಲ್ಲದ ಕಾಲುವೆ ದಂಡೆಯಲ್ಲೂ ಏಕೆ ಒತ್ತಿದ?

ನಾನು ಮುಟ್ಟುವ ಹೊತ್ತಿಗೆ ಗಿರಿಜಾ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುತ್ತಿದ್ದಳು. ಮುಹೂರ್ತ ತಪ್ಪಿರಲಿಲ್ಲ. ಪದ್ಧತಿಯಂತೆ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ಗುದ್ದಿ ನಕ್ಕರು. ಅವಳು ಬೆನ್ನು ಸವರಿಕೊಳ್ಳುತ್ತ ಎದ್ದು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

"ಇವರಿಗೂ ಎರಡು ಹಾಕ್ರಿ!"

ಯಾರೂ ಅನುಮಾನಿಸಲಿಲ್ಲ. ಉಳಿದವರದು ತಮಾಷೆಯ ಗುದ್ದು. ಮಲ್ಲಿಕಾರ್ಜುನನ ಎಂಬತ್ತು ದಾಟಿದ ಅಜ್ಜಿಯದು ಮಾತ್ರ ಹಾಗಿರಲಿಲ್ಲ. ಆಕೆಯ ಮೊಮ್ಮಗನನ್ನು ನಾನು ಬಲ್ಬು ಕಳ್ಳ ಎಂದದ್ದನ್ನು ಯಾರೋ ಮೊದಲೇ ಹೇಳಿದ್ದಾರೆಂದು ನನಗೆ ಬಲವಾದ ಗುಮಾನಿ.