ಸಕ್ಕರೆ ಹಾಲಿನ ಅನುಮಾನ

ಬರೆಯೋಕೆ ಕೂತು ಎರಡು ಸಾಲೂ ಆಗಿಲ್ಲ, ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು, ಮಗು ಯಾವ ಹಾಲು ಕುಡಿಯುತ್ತಿದೆ ಅಂತ ಮತ್ತೆ ಇಣುಕಿ ಹೋದಳು. ನನಗೆ ಇಂಥದ್ದು ದಿನಾ ಇದ್ದದ್ದೇ. ಇಡೀ ಅಜ್ಜಂಪುರದಲ್ಲಿ ನನ್ನ ಎದೆಹಾಲಿನ ಮೇಲೆ ಅನುಮಾನ ಪಡದಿರುವುದು ನನ್ನ ಮಗು ಒಂದೇ.

೧

ಬಸುರಿಯಾಗಿದ್ದಾಗ ತರೀಕೆರೆಯ ಆಸ್ಪತ್ರೆಯಲ್ಲಿ ನನ್ನ ಮೂತ್ರವನ್ನು ಒಂದು ನೀಲಿ ಔಷಧಿಗೆ ಹಾಕಿ ಕಾಯಿಸಿ ನೋಡಿದರು. ನೀಲಿ ಹೋಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆ, ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ, ಮಗುವಿಗೆ ಮಾತ್ರ ಹುಟ್ಟಿದ ಕೂಡಲೇ ಎದೆಹಾಲು ಕೊಡು, ಇಬ್ಬರಿಗೂ ಒಳ್ಳೆಯದು ಅಂದರು ಡಾಕ್ಟರಮ್ಮ. ಜೊತೆಗಿದ್ದ ಅತ್ತೆಯ ಕಿವಿಗೆ ಬಿದ್ದದ್ದು ‘ಸಕ್ಕರೆ’ ಒಂದೇ. ಹೆರಿಗೆಯಾಗಿ ಡಾಕ್ಟರಮ್ಮ ಅತ್ತ ಹೋದದ್ದೇ ತಡ, ನಿನ್ನ ಹಾಲಿನಿಂದ ಕೂಸಿಗೂ ಸಕ್ಕರೆ ಅಂಟುತ್ತೆ ಅಂತ ಮಗುವನ್ನು ಎತ್ತಿಕೊಂಡುಬಿಟ್ಟರು. ಆಮೇಲೆ ಬಟ್ಟೆಯ ಬತ್ತಿ ಅದ್ದಿ ಅದ್ದಿ ಅದರ ಬಾಯಿಗೆ ಇಟ್ಟದ್ದೇನು? ಸಕ್ಕರೆ ನೀರು.

೨

ಮನೆಗೆ ಬಂದ ಮೇಲೆ ಮಾವನವರ ಸರದಿ. ಎಲ್ಲ ಕೇಳಿಸಿಕೊಂಡು ಅವರು ಅತ್ತೆಗೆ, “ರೇಷನ್ ಅಂಗಡೀಲೇ ಸಕ್ಕರೆ ಇಲ್ಲ, ಇವಳಿಗೆ ಎಲ್ಲಿಂದ ಸಿಕ್ತು? ನಮ್ಮ ಡಬ್ಬ ನೋಡಿದ್ಯೇನೇ?” ಅಂದರು. ಅವತ್ತೇ ಸಕ್ಕರೆ ಡಬ್ಬ ದೇವರ ಗೂಡು ಸೇರಿತು. ಈಗ ನಾನು ದೇವರ ಕಡೆ ಕೈಮುಗಿದರೂ ಅತ್ತೆ ಕೆಮ್ಮುತ್ತಾರೆ.

೩

ಕಡೂರಿನ ನಾದಿನಿ ಹಾಲಿನ ಪುಡಿ, ಸೀಸೆ ತಂದುಕೊಟ್ಟು ಹೋದಳು. ಮಗು ಸೀಸೆಗೇ ಒಗ್ಗಿ ನನ್ನ ಹಾಲು ಬತ್ತಿಹೋದರೆ ಏನು ಗತಿ ಅಂತ ನನಗೆ ದಿಗಿಲಾಯಿತು. ಸಕ್ಕರೆ ಇರುವ ಕಡೆ ಇರುವೆ ಬರದೆ ಇರಲ್ಲ ಅನ್ನುವುದು ಅತ್ತೆಯ ಮಾತು. ಹಾಗಾದರೆ ಇರುವೆಯನ್ನೇ ಕೇಳೋಣ ಅಂದೆ.

ಹಿತ್ತಿಲ ಚಪ್ಪಡಿ ಕಲ್ಲಿನ ಮೇಲೆ ಒಂದು ಕಡೆ ನನ್ನ ಹಾಲು ನಾಲ್ಕು ಹನಿ, ಇನ್ನೊಂದು ಕಡೆ ಸೀಸೆಯ ಹಾಲು ನಾಲ್ಕು ಹನಿ. ನಾನು ಇರುವೆ ಊದಿ ಓಡಿಸಿಬಿಟ್ಟೇನು ಅಂತ ಅತ್ತೆ ಮಣೆ ಹಾಕಿಕೊಂಡು ಕಾವಲು ಕೂತರು.

ಸ್ವಲ್ಪ ಹೊತ್ತಿಗೆ ಸೀಸೆಯ ಹಾಲು ಇರುವೆ ಮುತ್ತಿ ಕಪ್ಪಗಾಯಿತು. ನನ್ನದರ ಹತ್ತಿರ ಒಂದೂ ಸುಳಿಯಲಿಲ್ಲ. ಅತ್ತೆ ಎದ್ದು, ಸೀಸೆಯ ಹಾಲನ್ನು ಬಚ್ಚಲಿಗೆ ಚೆಲ್ಲಿ, ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದರು. ಗೆದ್ದೆ ಅಂದುಕೊಂಡು ಸೆರಗು ಸರಿಮಾಡಿಕೊಂಡೆ. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ಅಲ್ಲ ಕಣೇ, ಒಂದಿರುವೆನೂ ಮೂಸಿ ನೋಡ್ಲಿಲ್ಲ ಅಂದ್ರೆ, ನಿನ್ನ ಹಾಲಲ್ಲಿ ಸತ್ವ ಅನ್ನೋದಾದ್ರೂ ಇದೆಯಾ?”