ಮರ್ಯಾದೆಯಲ್ಲಿ ಕಳಿಸುವ ಕ್ರಮ

ನನ್ನಲ್ಲೊಂದು ದುರ್ಗುಣವಿದೆ, ಮೊದಲೇ ಹೇಳಿಬಿಡುತ್ತೇನೆ. ಯಾವ ಕೆಲಸವನ್ನೂ ಪೂರ್ತಿ ಮುಗಿಸಿ ಎದ್ದು ನನಗೆ ಅಭ್ಯಾಸವಿಲ್ಲ. ಚಹಾ ಕುಡಿದರೆ ಲೋಟದ ತಳದಲ್ಲಿ ಒಂದು ಗುಟುಕು ಉಳಿಸುತ್ತೇನೆ. ಗಡ್ಡ ಬೋಳಿಸಿದರೆ ಕಿವಿಯ ಕೆಳಗೆ ನಾಲ್ಕು ಕೂದಲು ಬಿಟ್ಟಿರುತ್ತೇನೆ. ದೋಹಾದ ವೆಸ್ಟ್ ಬೇಯ ಕಚೇರಿಯೊಂದರಲ್ಲಿ ಕಡತಗಳನ್ನು ಒಪ್ಪವಾಗಿ ಜೋಡಿಸಿಡುವುದೇ ನನ್ನ ಉದ್ಯೋಗವೆಂದರೆ ಯಾರೂ ನಂಬುವುದಿಲ್ಲ. ಹೆಂಡತಿ ಲವೀನಾ ಅಂತೂ, "ನಿಮ್ಮ ಆಫೀಸಿನವರಿಗೆ ಕಣ್ಣು ಸ್ವಲ್ಪ ಮಂದವಾ?" ಎಂದು ಆಗಾಗ ವಿಚಾರಿಸುತ್ತಾಳೆ.

ಇಂಥ ನನ್ನನ್ನು ಇಲ್ಲಿನ ನಮ್ಮ ಕನ್ನಡ ಬಳಗದವರು ಕಾರ್ಯದರ್ಶಿ ಮಾಡಿದ್ದಾರೆ. ಕಾರ್ಯದರ್ಶಿಯ ಮುಖ್ಯ ಕೆಲಸ ಮಾನಪತ್ರ ಬರೆಯುವುದು. ಇಲ್ಲಿ ಯಾರೂ ಬೇರು ಬಿಡುವವರಲ್ಲವಷ್ಟೆ. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟವರಿಗೆ ಶುಕ್ರವಾರ ಒಂದು ಶಾಲು, ಚೌಕಟ್ಟು ಹಾಕಿಸಿದ ಒಂದು ಮಾನಪತ್ರ, ಮೇಲೆ ಬಿರಿಯಾನಿ. ಮೊದಮೊದಲು ಪ್ರತಿಯೊಬ್ಬರಿಗೂ ಹೊಸದಾಗಿ ಬರೆಯುತ್ತಿದ್ದೆ. ಆಮೇಲೆ ಬುದ್ಧಿ ಬಂತು. ಒಂದು ಒಳ್ಳೆಯ ಮಾನಪತ್ರ ಇಟ್ಟುಕೊಂಡು ಹೆಸರು, ಊರು, ಇಲ್ಲಿ ಕಳೆದ ವರ್ಷಗಳು, ಇಷ್ಟು ಬದಲಾಯಿಸಿದರೆ ಸಾಕು. 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದರೆ ಯಾರು ತಾನೆ ಬೇಡವೆನ್ನುತ್ತಾರೆ? ಕಳೆದ ಸಲ ಅದೇ ಮಾನಪತ್ರವನ್ನು ಇಗರ್ಜಿಯ ಗಾಯಕರಾದ ಲಾರೆನ್ಸ್ ಅಂಕಲ್‌ಗೆ ಓದಿದ್ದೆ. ಮೀಸೆ ಒದ್ದೆಯಾಗುವಷ್ಟು ಅತ್ತಿದ್ದರು.

ಈ ಸಲ ಹೊರಟವರು ಹಮೀದಾಕ. ಹೆಸರು ಹಮೀದ್, ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು ಹಿರಿಯರ ಹೆಸರಿಗೆ ಮರ್ಯಾದೆಯಿಂದ ಸೇರಿಸುವ 'ಆಕ' ಸೇರಿ ಹಮೀದಾಕ ಆದದ್ದು. ಈಗ ಮಲಯಾಳಿಗಳೂ ನೇಪಾಳಿಗಳೂ ಹಾಗೆಯೇ ಕರೆಯುತ್ತಾರೆ. ಅಲ್ ಮನ್ಸೂರಾದಲ್ಲಿ ದೋಸೆ ಹೋಟೆಲಿನ ಪಕ್ಕ ಅವರದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಒಳಗೆ ಬಂದರೆ ಹಮೀದಾಕ ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ಬಂಟ್ವಾಳದ ಕಡೆ ಏಳನೇ ಕ್ಲಾಸು ಓದಿ, ಟೈಪ್‌ರೈಟರ್ ರಿಪೇರಿಗೆಂದು ಬಂದವರು, ಯಂತ್ರಗಳು ಬದಲಾದ ಹಾಗೆಲ್ಲ ತಾವೇ ಕೂತು ಕಲಿತರು. ಕೊರೋನಾ ಕಾಲದಲ್ಲಿ ಹಳೆಯ ಲ್ಯಾಪ್‌ಟಾಪ್‌ಗಳನ್ನು ಸರಿಮಾಡಿ, ಮಕ್ಕಳ ಆನ್‌ಲೈನ್ ಕ್ಲಾಸಿಗೆ ಪರದಾಡುತ್ತಿದ್ದ ಮನೆಗಳ ಬಾಗಿಲಲ್ಲಿಟ್ಟು, ಬೆಲ್ಲು ಒತ್ತಿ ಓಡಿಹೋಗುತ್ತಿದ್ದವರು ಅವರು. ಅಲ್ ಸದ್ದ್‌ನ ನಮ್ಮ ಫ್ಲಾಟಿನ ಬಾಗಿಲಲ್ಲೂ ಒಂದು ಬಂದಿತ್ತು. ಅವರ ಮಾನಪತ್ರವೊಂದು ಚೆನ್ನಾಗಿ ಆಗಬೇಕೆಂದು ನನಗೆ ಹೃದಯಪೂರ್ವಕ ಆಸೆಯಿತ್ತು. ಅವರಿಗೆ ಗೊತ್ತಾಗದ ಹಾಗೆ ಆಗಬೇಕೆಂಬುದು ಬಳಗದ ತೀರ್ಮಾನ.

ಹಳೆಯ ಮಾನಪತ್ರಕ್ಕೆ ಅವರ ಹೆಸರು ಹಾಕಿ ಅರ್ಧ ತಿದ್ದುವಷ್ಟರಲ್ಲಿ, ಆ ವಾರವೇ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತು. ಕಂಪ್ಯೂಟರ್ ತನ್ನಷ್ಟಕ್ಕೆ ಏನೋ ಅಪ್‌ಡೇಟ್ ಮಾಡಿಕೊಂಡ ಮೇಲೆ, ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಒತ್ತಕ್ಷರಗಳೆಲ್ಲ ಜಗಳವಾಡಿದವರಂತೆ ದೂರ ದೂರ ನಿಂತವು. ಹೊಸ ಆವೃತ್ತಿ ಹಾಕಿಕೊಂಡರೆ ಸರಿಹೋಗುತ್ತದೆ ಎಂದರು. ಹಳೆಯದನ್ನು ತೆಗೆಯಲು ಒಂದು ಕ್ರಮವಿದೆ ಎಂದು ನನಗೂ ಗೊತ್ತಿತ್ತು. ಆದರೆ ಅದಕ್ಕೆಲ್ಲ ಯಾರಿಗೆ ತಾಳ್ಮೆ? ಅದರ ಫೋಲ್ಡರನ್ನೇ ಎಳೆದು ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಖಾಲಿ ಮಾಡಿ ಕೈ ತೊಳೆದುಕೊಂಡೆ. ಹೊಸದನ್ನು ಹಾಕಹೋದರೆ, 'ಹಳೆಯದು ಇನ್ನೂ ಇದೆ, ಮೊದಲು ಅದನ್ನು ತೆಗೆಯಿರಿ' ಎಂದಿತು. ತೆಗೆಯಹೋದರೆ, 'ತೆಗೆಯಲು ಬೇಕಾದ ಕಡತ ಕಾಣುತ್ತಿಲ್ಲ' ಎಂದಿತು. ಇದೆ ಎಂದರೂ ಅದೇ, ಇಲ್ಲ ಎಂದರೂ ಅದೇ. ನಾನು ಮಧ್ಯದಲ್ಲಿ ತಲೆ ಚಚ್ಚಿಕೊಂಡೆ.

"ಮೊಬೈಲಿನಲ್ಲೇ ಹೊಸದಾಗಿ ಬರೆಯಿರಿ, ಒಂದು ಪುಟ ಅಲ್ವಾ?" ಎಂದಳು ಲವೀನಾ. ಹೊಸದಾಗಿ ಬರೆಯುವುದೇ! ನನ್ನ ಹಳೆಯ ಮಾನಪತ್ರ ತೆರೆದುಕೊಳ್ಳುವುದು ಆ ತಂತ್ರಾಂಶದಲ್ಲಿ ಮಾತ್ರ. ಆಫೀಸಿನ ಕಂಪ್ಯೂಟರ್ ವಿಭಾಗದ ಮಲಯಾಳಿ ಗೆಳೆಯನಿಗೆ ತೋರಿಸಿದೆ. "ಫಾರ್ಮ್ಯಾಟ್ ಚೆಯ್ಯಾಂ, ಖಲಾಸ್" ಎಂದು ಕೈ ಒದರಿದ. ಅಂದರೆ ಮಕ್ಕಳ ಫೋಟೋ ಸಮೇತ ಎಲ್ಲವನ್ನೂ ಒರೆಸಿಬಿಡುವುದು. ಇನ್ನು ಉಳಿದದ್ದು ಒಂದೇ ದಾರಿ. ಯಾರ ಮಾನಪತ್ರವೋ ಅವರ ಬಳಿಗೇ ಬುಧವಾರ ಸಂಜೆ ಹೋದೆ.

ಅಂಗಡಿ ಮುಕ್ಕಾಲು ಖಾಲಿಯಾಗಿತ್ತು. ಉಳಿದಿದ್ದ ನಾಲ್ಕು ಲ್ಯಾಪ್‌ಟಾಪ್‌ಗಳ ಮೇಲೆ ಒಡೆಯರ ಹೆಸರಿನ ಚೀಟಿ. ಒಬ್ಬೊಬ್ಬರಿಗೂ ಫೋನು ಮಾಡಿ ಕರೆಸುತ್ತಿದ್ದರು. ನಾನು ಬೆವರು ಒರೆಸಿಕೊಂಡು, "ಮಗಳ ಸ್ಕೂಲ್ ಪ್ರಾಜೆಕ್ಟು ಹಮೀದಾಕ, ಕನ್ನಡದಲ್ಲಿ ಆಗಬೇಕಂತೆ" ಎಂದೆ. ನನ್ನ ಮಗಳಿಗೆ 'ಅ' ಬರೆಯಲು ಇಬ್ಬರ ಸಹಾಯ ಬೇಕೆಂದು ಅವರಿಗೆ ಗೊತ್ತಿತ್ತು. ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು.

"ಎಂತ ಮಾಡಿದ್ದು? ಸತ್ಯ ಹೇಳಿ."

ಹೇಳಿದೆ.

"ಯಾ ಅಲ್ಲಾ! ಇಷ್ಟು ವರ್ಷ ದುಡಿದವನನ್ನು ಹಾಗೆ ಕುತ್ತಿಗೆ ಹಿಡಿದು ದಬ್ಬುದಾ ಸೆಕ್ರೆಟರಿಯವರೇ? ಅವನ ಐಡಿ ಕ್ಯಾನ್ಸಲ್ ಆಗ್ಲಿಲ್ಲ, ಕರೆಂಟು ಕಟ್ ಮಾಡಿಸ್ಲಿಲ್ಲ, ಮನೆಯ ಕೀ ಕೊಡ್ಲಿಲ್ಲ. ಆಳು ಇಲ್ಲ, ಹೆಸರು ಮಾತ್ರ ಎಲ್ಲ ಕಡೆ ಉಂಟು. ಪಾಪದ ಕಂಪ್ಯೂಟರ್, ಅವ ಇನ್ನೂ ಇಲ್ಲೇ ಇದ್ದಾನೆ ಅಂತ ತಿಳ್ಕೊಂಡಿದೆ."

"ಈಗ ಎಂತ ಮಾಡುದು?"

"ಅವನನ್ನು ವಾಪಸ್ ಕರೆಸುವಾ. ಬಂದು ಕೂತ್ಕೊಳ್ಲಿ. ಆಮೇಲೆ ಮರ್ಯಾದೆಯಲ್ಲಿ ಕಳಿಸುವಾ."

ನನಗೆ ರೋಮಾಂಚನವಾಯಿತು. ಡ್ರಾಯರಿನಿಂದ ಒಂದು ಪೆನ್‌ಡ್ರೈವ್ ತೆಗೆದು, ನಾನು ಕಸಕ್ಕೆ ಎಸೆದಿದ್ದ ಅದೇ ಹಳೆಯ ಆವೃತ್ತಿಯನ್ನು ಅದೇ ಜಾಗದಲ್ಲಿ ಮತ್ತೆ ಕೂರಿಸಿದರು. ಆಮೇಲೆ ಕ್ರಮಪ್ರಕಾರ ತೆಗೆದರು. ಒಂದು ತಕರಾರಿಲ್ಲದೆ ಹೋಯಿತು! ಮುಗಿಯಿತಲ್ಲ ಎಂದು ನಾನು ಎದ್ದರೆ, "ಕೂತ್ಕೊಳ್ಳಿ ಮಾರಾಯ್ರೇ. ಹೋಗುವವ ಎಲ್ಲವನ್ನೂ ಕಟ್ಟಿಕೊಂಡು ಹೋಗುದಿಲ್ಲ" ಎಂದು, ನನಗೆ ಎಂದೂ ಕಾಣದ ಮೂಲೆಗಳಿಂದ ಅದರ ಅಳಿದುಳಿದ ಫೋಲ್ಡರುಗಳನ್ನು ಹುಡುಕಿ ತೆಗೆದರು. ಯಾವುದನ್ನೂ ನೋಡದೆ ಅಳಿಸಲಿಲ್ಲ. ಒಂದೊಂದನ್ನೂ ತೆರೆದು, ಯಾರದ್ದೆಂದು ವಿಚಾರಿಸಿಕೊಂಡು, ಮೊದಲು ಹೆಸರು ಮಾತ್ರ ಬದಲಾಯಿಸಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಯಾರಿಂದಲೂ ದೂರು ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಅಳಿಸಿದರು. ಕೊನೆಗೆ ಕಂಪ್ಯೂಟರಿನ ಹಾಜರಿ ಪುಸ್ತಕದಂಥ ಒಂದು ಪಟ್ಟಿ ತೆರೆದು, ಅದರದೊಂದು ಪ್ರತಿ ಜೋಪಾನವಾಗಿ ತೆಗೆದಿಟ್ಟು, ಹೋದವನ ಹೆಸರನ್ನು ಅಲ್ಲಿಂದಲೂ ಬಿಡಿಸಿ, ಹೊಸ ಆವೃತ್ತಿಯನ್ನು ಕೂರಿಸಿದರು. ಒತ್ತಕ್ಷರಗಳು ರಾಜಿಯಾದವು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇಂಥ ಮನುಷ್ಯ ಹೊರಟುಹೋಗುತ್ತಾನಲ್ಲ!

ನಡುವೆ ಒಂದು ಕಡತ ತೆರೆದವರು ಪರದೆಯ ಹತ್ತಿರ ಬಾಗಿದರು. ಕನ್ನಡಕ ಮೇಲೆ ಮಾಡಿದರು, ಕೆಳಗೆ ಮಾಡಿದರು. "ನೀವು ಅರ್ಧ ಬರೆದದ್ದು ಎಂತದೋ ಇಲ್ಲಿ ಉಳಿದಿತ್ತು. ಮಗಳ ಪ್ರಾಜೆಕ್ಟ್ ಇರ್ಬೇಕು. ಎದುರಿಗೇ ಇಟ್ಟಿದ್ದೇನೆ. ನಾನು ಓದ್ಲಿಲ್ಲ" ಎಂದರು. ಸದ್ಯ, ಬಚಾವಾದೆ!

ಗುರುವಾರ ಆ ಅರ್ಧವನ್ನೇ ಪೂರ್ತಿ ಮಾಡಿ, ಹೆಸರು ಊರು ಸರಿಯಿದೆಯೆಂದು ಎರಡು ಸಲ ನೋಡಿ, ಮುದ್ರಿಸಿ ಚೌಕಟ್ಟು ಹಾಕಿಸಿದೆ. ಶುಕ್ರವಾರ ಹೋಟೆಲೊಂದರ ಮಹಡಿಯ ಹಾಲ್ ಜನರಿಂದ ತುಂಬಿತ್ತು. ಗಂಭೀರ ಧ್ವನಿಯಲ್ಲಿ ಓದತೊಡಗಿದೆ. ಸರಳ ಸಜ್ಜನಿಕೆ ದಾಟಿತು, ಸಾಕಾರಮೂರ್ತಿ ದಾಟಿತು. ಅದೇ ಓಟದಲ್ಲಿ, "ತಮ್ಮ ಸುಮಧುರ ಕಂಠದ ಗಾಯನದಿಂದ ನಮ್ಮೆಲ್ಲರ ಹೃದಯದಲ್ಲಿ ನೆಲೆಸಿರುವ ತಾವು..." ಎಂದವನು ಅಲ್ಲಿಯೇ ಕಲ್ಲಾದೆ. ಲಾರೆನ್ಸ್ ಅಂಕಲ್! ಹಮೀದಾಕ ಹಾಡಿದ್ದನ್ನು ಈ ಭೂಮಿಯ ಮೇಲೆ ಯಾರೂ ಕೇಳಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಲವೀನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ತೀರಾ ಗೌರವಿಸುವ ಮನುಷ್ಯನಿಗೆ ಬೇರೆಯವರ ಅಂಗಿ ತೊಡಿಸಿ ನಾಲ್ಕು ಜನರ ಎದುರು ನಿಲ್ಲಿಸಿದ್ದೆ. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನಿಸಿತು.

ಹಮೀದಾಕ ಎದ್ದುಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. "ಸೆಕ್ರೆಟರಿಯವರು ಸುಳ್ಳು ಬರೆಯುವ ಜನ ಅಲ್ಲ" ಎಂದವರೇ ಕಣ್ಣು ಮುಚ್ಚಿ, ಬ್ಯಾರಿ ಮದುವೆಯ ಒಂದು ಹಾಡು ಶುರುಮಾಡಿದರು. ಅಯ್ಯೋ ದೇವರೇ, ಏನು ಹಾಡು ಅದು! ತಾಳ ಒಂದು ಕಡೆ, ರಾಗ ಇನ್ನೊಂದು ಕಡೆ. ಎರಡನೇ ಸಾಲಿಗೆ ಹಾಲಿಗೆ ಹಾಲೇ ಚಪ್ಪಾಳೆ ತಟ್ಟುತ್ತಿತ್ತು. ನಗುತ್ತಿದ್ದವರೇ ಕಣ್ಣೊರೆಸಿಕೊಂಡರು.

ಬಿರಿಯಾನಿಯ ಸಾಲಿನಲ್ಲಿ ಅವರ ಪಕ್ಕ ಹೋಗಿ ನಿಂತು, "ಬುಧವಾರವೇ ಓದಿದ್ರಲ್ಲ, ಹೇಳಬಾರದಿತ್ತಾ?" ಎಂದೆ.

"ಹೇಳಿದ್ರೆ ನಿಮ್ಮ ಸರ್‌ಪ್ರೈಸ್ ಹಾಳಾಗ್ತಿತ್ತು. ನೀವು ಪಾಪ ಅಷ್ಟು ಬೆವರು ಸುರಿಸಿ ಸುಳ್ಳು ಹೇಳಿದ್ದೀರಿ. ನನಗೂ ಪ್ರಾಕ್ಟೀಸಿಗೆ ಎರಡು ದಿನ ಸಿಕ್ತಲ್ಲ."

ಅವರು ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಆ ಹಳೆಯ ಮಾನಪತ್ರವನ್ನು ಅಳಿಸಿ, ಖಾಲಿ ಪುಟದಿಂದ ಹೊಸದೊಂದು ಬರೆದೆ. ಬಾಗಿಲಲ್ಲಿಟ್ಟ ಲ್ಯಾಪ್‌ಟಾಪ್, ಬೆಲ್ಲು ಒತ್ತಿ ಓಡಿದ್ದು, ಹಳೆಯ ತಂತ್ರಾಂಶವನ್ನು ವಾಪಸ್ ಕರೆಸಿ ಮರ್ಯಾದೆಯಲ್ಲಿ ಕಳಿಸಿದ್ದು, ಎಲ್ಲವನ್ನೂ ಬರೆದೆ. ಬೇರೆಯವರದ್ದು ಒಂದಕ್ಷರ ಉಳಿದಿಲ್ಲವೆಂದು ಅವರ ಹಾಗೆಯೇ ಸಾಲು ಸಾಲು ತೆರೆದು ನೋಡಿ ಬಂಟ್ವಾಳಕ್ಕೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಒಳ್ಳೆದುಂಟು. ಹೆಂಡತಿ ಎರಡು ಸಲ ಓದಿಸಿದಳು. ಆದ್ರೆ ನಾನು ಹಾಡ್ತೇನೆ ಅಂತ ಒಂದು ಸಾಲಿತ್ತಲ್ಲ, ಅದನ್ನು ಯಾಕೆ ತೆಗೆದದ್ದು?"

ಜೀವಮಾನದಲ್ಲಿ ಮೊದಲ ಸಲ ಒಂದು ಕೆಲಸವನ್ನು ಏನೂ ಉಳಿಸದೆ ಪೂರ್ತಿ ಮಾಡಿ ಮುಗಿಸಿದ್ದೆ. ಅದೂ ತಪ್ಪಾಯಿತು.